ಕಾಲಿಗೆ ಚೀಟಿ ಕಟ್ಟಿದ ಕುದುರೆಗಳು

ನಮ್ಮ ಬೆಂಗ್ರೆಯಲ್ಲಿ ಕುದುರೆಗಳಿಲ್ಲ. ಹಿಂದೆಯೂ ಇದ್ದಂತೆ ನನಗೆ ನೆನಪಿಲ್ಲ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ ನದಿ, ದಕ್ಷಿಣಕ್ಕೆ ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲು ಸೇರುವ ಅಳಿವೆ ಬಾಗಿಲು. ಇವುಗಳ ನಡುವೆ ನಾಲಿಗೆಯಂತೆ ಚಾಚಿಕೊಂಡ ಮರಳ ದಿಬ್ಬ ನಮ್ಮ ಊರು. ಪೇಟೆಗೆ ಹೋಗಬೇಕಾದರೆ ದೋಣಿ ಹತ್ತಿ ಬಂದರಿನ ಧಕ್ಕೆಗೆ ದಾಟಬೇಕು, ಇಲ್ಲವೇ ತಣ್ಣೀರುಬಾವಿ, ಪಣಂಬೂರುಗಳ ಮೂಲಕ ಸುತ್ತುಬಳಸಿ ಬರಬೇಕು. ಇಂಥ ಊರಿನಲ್ಲಿ ಹುಟ್ಟಿ, ಇಲ್ಲಿಯೇ ಪಾಠ ಹೇಳಿ, ನಿವೃತ್ತನಾದ ನಾನು ಕುದುರೆಗಳ ಕುರಿತು ಬರೆಯಲು ಹೊರಟಿದ್ದೇನೆಂದರೆ ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸುವುದು ಸಹಜ. ಬಲೆಯಲ್ಲಿ ಸಿಕ್ಕಿದ ಕಡಲಕುದುರೆಯನ್ನು ಒಣಗಿಸಿ ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದವರು ನೀವೇ ಅಲ್ಲವೇ? (2001ರಿಂದ ಅದು ವನ್ಯಜೀವಿ ಕಾಯ್ದೆಯ ರಕ್ಷಣೆಗೊಳಪಟ್ಟ ಜೀವಿ, ಈಗ ಯಾರೂ ಹಾಗೆ ಮಾಡಬೇಡಿರಿ.) ಆದರೆ ನಾನು ಹೇಳಹೊರಟದ್ದು ಬೇರೆಯ ಕುದುರೆಗಳ ವಿಚಾರ.

2023ರ ಬೇಸಿಗೆಯಲ್ಲಿ ನಾನೂ ನನ್ನ ಪತ್ನಿಯೂ ಅಮೆರಿಕದ ಓಹಿಯೋ ರಾಜ್ಯದ ಸಿನ್ಸಿನಾಟಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮೊಮ್ಮಗಳಿಗೆ ಆಗ ಹನ್ನೆರಡು ವರ್ಷ. ಅವಳ ಕೋಣೆಯ ಬಾಗಿಲು ತೆರೆದಾಗ ನನಗೆ ಒಮ್ಮೆಗೇ ಲಾಯವೊಂದನ್ನು ಹೊಕ್ಕಂತಾಯಿತು. ಗೋಡೆಯ ಉದ್ದಕ್ಕೂ ಹಲಗೆಗಳು. ಹಲಗೆಗಳ ತುಂಬ ಕುದುರೆಗಳು. ಕಂದು, ಕಪ್ಪು, ಬೂದು, ಚುಕ್ಕೆಯವು, ಓಡುವವು, ಮೇಯುವವು, ತಾಯಿಯ ಪಕ್ಕದಲ್ಲಿ ನಿಂತ ಮರಿಗಳು. "ಇಷ್ಟೊಂದು ಆಟಿಕೆ ಯಾತಕ್ಕೆ ಮಗೂ?" ಎಂದು ಕೇಳಿದೆ. ಅವಳ ಮುಖ ಸಣ್ಣಗಾಯಿತು. "ಅಜ್ಜ, ಇವು ಆಟಿಕೆಗಳಲ್ಲ, ಮಾದರಿಗಳು" ಎಂದಳು. ಆ ವ್ಯತ್ಯಾಸವನ್ನು ಅರಿತುಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು.

ಅವಳಿಂದ ತಿಳಿದದ್ದನ್ನು ಹೇಳುತ್ತೇನೆ. ಶಿಕಾಗೋ ನಗರದಲ್ಲಿ ಬ್ರೇಯರ್ ಎಂಬ ಪ್ಲಾಸ್ಟಿಕ್ ಅಚ್ಚುಗಾರಿಕೆಯ ಸಂಸ್ಥೆಯೊಂದಿತ್ತು. 1950ರಲ್ಲಿ ಗಡಿಯಾರ ತಯಾರಿಸುವ ಕಂಪನಿಯೊಂದು, ತನ್ನ ಗಡಿಯಾರದ ಪಕ್ಕದಲ್ಲಿ ನಿಲ್ಲಿಸಲು ಒಂದು ಕುದುರೆಯನ್ನು ಮಾಡಿಕೊಡುವಂತೆ ಅದನ್ನು ಕೇಳಿತು. ಕೆಲಸ ಮುಗಿದ ಮೇಲೆ ಅಚ್ಚು ಬ್ರೇಯರ್ ಸಂಸ್ಥೆಯ ಬಳಿಯೇ ಉಳಿಯಿತು. ಗಡಿಯಾರಕ್ಕಿಂತ ಕುದುರೆಯನ್ನೇ ಜನರು ಹೆಚ್ಚಾಗಿ ಕೇಳತೊಡಗಿದಾಗ ಸಂಸ್ಥೆಯು ಕುದುರೆಗಳನ್ನೇ ತಯಾರಿಸುವುದಕ್ಕೆ ತೊಡಗಿತು. ಇವುಗಳಲ್ಲಿ ಸೆಲ್ಯುಲೋಸ್ ಅಸಿಟೇಟ್ ಎಂಬ ವಸ್ತುವಿನಿಂದ ಮಾಡಿದ ದೊಡ್ಡವು ನಿಜವಾದ ಕುದುರೆಯ ಒಂಬತ್ತನೆಯ ಒಂದು ಪಾಲು, ಮಧ್ಯಮ ಗಾತ್ರದವು ಹನ್ನೆರಡನೆಯ ಒಂದು ಪಾಲು, ಅಂಗೈಯಲ್ಲಿ ಅಡಗುವ ಸಣ್ಣವು ಮೂವತ್ತೆರಡನೆಯ ಒಂದು ಪಾಲು. ಅಳತೆಯ ಈ ಶಿಸ್ತೇ ಆಟಿಕೆಗೂ ಮಾದರಿಗೂ ಇರುವ ಅಂತರವೆಂದು ಮೊಮ್ಮಗಳ ವಾದ. ಸಮಾಜ ವಿಜ್ಞಾನದ ಮಾಸ್ತರನಾಗಿ ಭೂಪಟದ ಪ್ರಮಾಣದ ಬಗ್ಗೆ ಮೂವತ್ತು ವರ್ಷ ಪಾಠ ಹೇಳಿದವನಿಗೆ ಈ ವಾದವನ್ನು ಅಲ್ಲಗಳೆಯಲಾಗಲಿಲ್ಲ.

ಸಂಗ್ರಹಿಸುವುದು ಒಂದು ಭಾಗವಾದರೆ ಪ್ರದರ್ಶಿಸುವುದು ಮತ್ತೊಂದು. 1960ರ ದಶಕದಲ್ಲಿ ಈ ಹವ್ಯಾಸಿಗಳು ತಮ್ಮ ಕುದುರೆಗಳ ಛಾಯಾಚಿತ್ರಗಳನ್ನು ತೆಗೆದು ಅಂಚೆಯ ಮೂಲಕ ತೀರ್ಪುಗಾರರಿಗೆ ಕಳುಹಿಸುತ್ತಿದ್ದರಂತೆ. ಅನಂತರ ಕುದುರೆಗಳನ್ನೇ ಹೊತ್ತುಕೊಂಡು ಹೋಗಿ ಮೇಜಿನ ಮೇಲೆ ನಿಲ್ಲಿಸುವ ಸ್ಪರ್ಧೆಗಳು ಬಂದವು. ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿರುವ ಕುದುರೆ ಉದ್ಯಾನದಲ್ಲಿ 1990ರಿಂದ ಬ್ರೇಯರ್‌ಫೆಸ್ಟ್ ಎಂಬ ಜಾತ್ರೆಯೇ ನಡೆಯುತ್ತಿದೆ. ಜುಲೈ ತಿಂಗಳಲ್ಲಿ ಅಲ್ಲಿಗೂ ನಮ್ಮನ್ನು ಕರೆದೊಯ್ದರು. ಜೀವಂತ ಕುದುರೆಗಳು ಒಂದು ಕಡೆ, ಅವುಗಳ ಪ್ರತಿಕೃತಿಗಳಿಗಾಗಿ ಸರದಿಯಲ್ಲಿ ನಿಂತ ಜನರು ಇನ್ನೊಂದು ಕಡೆ. ಹೆಂಗಸರೇ ಹೆಚ್ಚು, ನನ್ನ ವಯಸ್ಸಿನವರೂ ಕಡಿಮೆಯಿರಲಿಲ್ಲ. ಜಾತ್ರೆಯ ವರ್ಣನೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ; ಜಾತ್ರೆಗಳೆಲ್ಲ ಒಂದೇ, ಕಾಲು ನೋಯುತ್ತದೆ, ನೀರಿಗೆ ದುಡ್ಡು ಹೆಚ್ಚು.

ನನ್ನ ಮನಸ್ಸಿನಲ್ಲಿ ಉಳಿದದ್ದು ಅದಕ್ಕೆ ಮೊದಲು, ಜೂನ್ ತಿಂಗಳಲ್ಲಿ, ಓಹಿಯೋದ ಒಂದು ಸಣ್ಣ ಸಭಾಭವನದಲ್ಲಿ ನಡೆದ ಸ್ಪರ್ಧೆ. ಹಿಂದಿನ ರಾತ್ರಿ ಮೊಮ್ಮಗಳು ಪ್ರತಿಯೊಂದು ಕುದುರೆಯನ್ನೂ ಮೆತ್ತನೆಯ ಬಟ್ಟೆಯ ಚೀಲದಲ್ಲಿ, ಕೂಸಿಗೆ ಅಂಗಿ ತೊಡಿಸುವಂತೆ ತೊಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಅವಳು ತಾನೇ ಮಾಡಿದ ಒಂದು ಕುದುರೆಯೂ ಅದರಲ್ಲಿತ್ತು. ಕಾರ್ಖಾನೆಯ ಕುದುರೆಯೊಂದರ ಕಿವಿಗಳನ್ನು ಕತ್ತರಿಸಿ, ಎರಡು ಬಗೆಯ ಅಂಟುಗಳನ್ನು ಬೆರೆಸಿ ನಾದಿದ ಲೇಪದಿಂದ ಹೊಸ ಕಿವಿಗಳನ್ನು ರೂಪಿಸಿ, ಮೈಯನ್ನು ಉಜ್ಜಿ ನಯಗೊಳಿಸಿ, ಬಣ್ಣದ ಪುಡಿಯನ್ನು ಪದರಪದರವಾಗಿ ಹಚ್ಚಿ ಅದನ್ನು ರಾಜಸ್ಥಾನದ ಮಾರವಾಡಿ ತಳಿಯನ್ನಾಗಿ ಮಾರ್ಪಡಿಸಿದ್ದಳು. ಆ ತಳಿಯ ಕುದುರೆಯ ಕಿವಿಗಳು ಒಳಕ್ಕೆ ಬಾಗಿ ತುದಿಗಳು ಒಂದನ್ನೊಂದು ತಾಗುತ್ತವೆ. ಅಲ್ಲಿಯ ತೀರ್ಪುಗಾರರಿಗೆ ಪರಿಚಯವಿಲ್ಲದಿರಬಹುದೆಂದು ಪಕ್ಕದಲ್ಲಿ ವಿವರದ ಚೀಟಿಯೊಂದನ್ನು ಇಡಬೇಕಿತ್ತು. ಅದನ್ನು ಬರೆಯುವ ಕೆಲಸ ನನಗೆ ಬಂತು. ಒಂದೂವರೆ ಪುಟ ಬರೆದೆ. ಅವಳು ಅದನ್ನು ನಾಲ್ಕು ಸಾಲಿಗೆ ಇಳಿಸಿದಳು.

ಸಭಾಭವನದಲ್ಲಿ ಉದ್ದನೆಯ ಮೇಜುಗಳು. ಒಂದೊಂದು ವಿಭಾಗದ ಹೆಸರು ಕೂಗಿದಾಗಲೂ ಸ್ಪರ್ಧಿಗಳು ತಮ್ಮ ಕುದುರೆಯನ್ನು ಎರಡು ಕೈಗಳಿಂದ ಹಿಡಿದು ತಂದು ನಿಲ್ಲಿಸಿ ಹಿಂದಕ್ಕೆ ಸರಿಯುತ್ತಾರೆ. ಒಂದು ಕುದುರೆ ಆಯತಪ್ಪಿ ಬಿದ್ದರೆ ಪಕ್ಕದ್ದನ್ನೂ ಬೀಳಿಸುತ್ತದೆ. ಆ ಭಯದಿಂದ ಯಾರೂ ಉಸಿರು ಬಿಡುವುದಿಲ್ಲ. ತೀರ್ಪುಗಾರ್ತಿ ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡು, ಬಗ್ಗಿ ಬಗ್ಗಿ, ಕಾಲುಗಳ ನಿಲುವನ್ನೂ ಕತ್ತಿನ ಬಾಗನ್ನೂ ಬಣ್ಣದ ಸಹಜತೆಯನ್ನೂ ನೋಡುತ್ತಾರೆ. ಒಂದು ಗೀರು ಕಂಡರೂ ಅಂಕ ಹೋಯಿತು. ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ ಮಾಡಿದ ನನಗೆ ಆ ನಿಶ್ಶಬ್ದ ಚೆನ್ನಾಗಿ ಗೊತ್ತು. ನಾನೂ ನನ್ನ ಸ್ಥಳದಲ್ಲಿ ಮೆಲ್ಲನೆ ಎದ್ದು ನಿಂತು ನೋಡಿದೆ.

ಆಗ ಕಂಡದ್ದು ಚೀಟಿಗಳು. ಪ್ರತಿಯೊಂದು ಕುದುರೆಯ ಕಾಲಿಗೂ ಸಣ್ಣದೊಂದು ಚೀಟಿಯನ್ನು ದಾರದಿಂದ ಕಟ್ಟಲಾಗಿತ್ತು. ಚೀಟಿಯಲ್ಲಿ ಕುದುರೆಯ ಹೆಸರು, ತಳಿ, ಗಂಡೋ ಹೆಣ್ಣೋ ಎಂಬ ವಿವರ.

ನಾನು ಕುಳಿತುಬಿಟ್ಟೆ. "ಏನಾಯಿತು ಅಪ್ಪ, ತಲೆ ಸುತ್ತಿತೇ?" ಎಂದು ಮಗಳು ನೀರಿನ ಬಾಟಲಿ ಕೊಟ್ಟಳು. ತಲೆ ಸುತ್ತಿದ್ದು ಹೌದು, ಆದರೆ ಅದು ಇಪ್ಪತ್ತೊಂಬತ್ತು ವರ್ಷಗಳಷ್ಟು ಹಿಂದಕ್ಕೆ.

1994ರ ಡಿಸೆಂಬರ್ ತಿಂಗಳು. ಹತ್ತನೆಯ ತರಗತಿಗೆ ವಿಜಯನಗರದ ಪಾಠ ನಡೆಯುತ್ತಿತ್ತು. ಅರಬ್ಬೀ ಕುದುರೆಗಳು ಹೊರ್ಮುಜಿನಿಂದ ಹಡಗುಗಳಲ್ಲಿ ಬಂದು ಭಟ್ಕಳದಂಥ ನಮ್ಮ ಕರಾವಳಿಯ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದುದನ್ನು ನಾನು ಬಹಳ ಉತ್ಸಾಹದಿಂದ ವರ್ಣಿಸುತ್ತಿದ್ದೆ. 1443ರಲ್ಲಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಹೋದದ್ದು ನಮ್ಮ ಮಂಗಳೂರಿನ ಮೂಲಕವೇ ಎಂದು ಹೇಳಿ, ಮಕ್ಕಳ ಮುಖದಲ್ಲಿ ಅಭಿಮಾನವನ್ನು ಹುಡುಕಿದೆ. ಆಗ ಕೊನೆಯ ಬೆಂಚಿನಲ್ಲಿ ಪಿಸುಮಾತು, ಅದುಮಿದ ನಗು. ಹೋಗಿ ನೋಡಿದರೆ ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದ ಮರದ ಕುದುರೆಗಳು. ಗೇಣಿಗಿಂತ ಚಿಕ್ಕವು. ಒಂದೊಂದರ ಕಾಲಿಗೂ ಬಲೆಯ ನೂಲಿನಿಂದ ಚೀಟಿ ಕಟ್ಟಿತ್ತು. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಹೆಸರು, ಕೆಳಗೆ ಅಂಕ. ಅಕ್ಕಪಕ್ಕದ ಹುಡುಗರು ತೀರ್ಪುಗಾರರಾಗಿ ನೂರಕ್ಕೆ ಇಂತಿಷ್ಟೆಂದು ಅಂಕ ಕೊಡುತ್ತಿದ್ದರು. ಅಮೆರಿಕವನ್ನು ಹಾಗಿರಲಿ, ಪಡೀಲನ್ನೂ ಸರಿಯಾಗಿ ನೋಡಿರದ ಹುಡುಗನೊಬ್ಬ ಈ ಸ್ಪರ್ಧೆಯನ್ನು ತನ್ನಷ್ಟಕ್ಕೆ ತಾನೇ ಕಂಡುಹಿಡಿದಿದ್ದ.

ಆ ಕುದುರೆಗಳ ಮರದ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ತಂದೆಯವರ ಕಾಲದಲ್ಲಿ ನಮ್ಮ ಜೀವನವೆಲ್ಲ ರಂಪಣಿ ಬಲೆಯ ಮೇಲೆ ನಿಂತಿತ್ತು. ದೋಣಿಯಲ್ಲಿ ಬಲೆಯನ್ನು ಕಡಲಿಗೆ ಬಿಟ್ಟು ಬಂದು, ದಡದಲ್ಲಿ ಎರಡು ಸಾಲಾಗಿ ನಿಂತು ಊರಿಗೆ ಊರೇ ಎಳೆಯುತ್ತಿತ್ತು. ಬಂಗುಡೆ, ಬೂತಾಯಿ ಬಂದರೆ ಎಳೆದವರಿಗೆಲ್ಲ ಪಾಲು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಹೊರಗಡೆ ಬಲೆಗೆ ಸಿಕ್ಕತೊಡಗಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಆ ಬಲೆಗಳು ತೇಲಲೆಂದು ಕಟ್ಟುತ್ತಿದ್ದ ಹಗುರ ಮರದ ತೇಲುತುಂಡುಗಳು ಮಾತ್ರ ಮನೆಮನೆಯ ಅಟ್ಟದಲ್ಲಿ ಉಳಿದವು. ಹುಡುಗ ಕೆತ್ತಿದ್ದು ಆ ತುಂಡುಗಳನ್ನು. ಮೀನು ಕೊಯ್ಯುವ ಚೂರಿಯೇ ಉಳಿ.

ಇವೆಲ್ಲ ನಾನು ಈಗ ಹೇಳುತ್ತಿರುವ ಮಾತು. ಅಂದು ನನ್ನ ಕಣ್ಣಿಗೆ ಕಂಡದ್ದು ಮೂರು ತಿಂಗಳಲ್ಲಿ ಪಬ್ಲಿಕ್ ಪರೀಕ್ಷೆ ಬರೆಯಬೇಕಾದ, ಗಣಿತದಲ್ಲಿ ಹಿಂದೆ ಬಿದ್ದ ಒಬ್ಬ ಹುಡುಗನ ಸಮಯ ವ್ಯರ್ಥ. ಕುದುರೆಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿಸಿಕೊಂಡೆ. ತರಗತಿಯ ಎದುರಿಗೆ ಒಂದು ಮಾತನ್ನೂ ಆಡಿದೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅಲ್ಲಿದ್ದವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು, ಅವರಿಗೆ ನೆನಪಿದ್ದೀತು. ಮಾರ್ಚ್ ತಿಂಗಳ ಕೊನೆಯ ದಿನ ಅವನು ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತು, "ಸರ್, ನನ್ನ ಕುದುರೆ" ಎಂದ. "ಫಲಿತಾಂಶ ಬರಲಿ, ಆಮೇಲೆ ಕೊಡುತ್ತೇನೆ" ಎಂದೆ. ಫಲಿತಾಂಶ ಬಂತು. ಗಣಿತದಲ್ಲಿ ಅವನಿಗೆ ತೇರ್ಗಡೆಯಾಗಲಿಲ್ಲ. ಅವನು ಮತ್ತೆ ಬರಲಿಲ್ಲ. ಬೋಟಿಗೆ ಹೋದನೆಂದು ಯಾರೋ ಹೇಳಿದರು.

ಪೆಟ್ಟಿಗೆ ಕಪಾಟಿನಲ್ಲಿಯೇ ಉಳಿಯಿತು. ಮೂರು-ನಾಲ್ಕು ವರ್ಷಗಳ ಬಳಿಕ ಒಂದು ಮಳೆಗಾಲದಲ್ಲಿ ಆ ಕಪಾಟಿಗೆ ಗೆದ್ದಲು ಹಿಡಿಯಿತು. ಸೇವಕ ಬಂದು ಕೆಳಗಿನ ಅರೆಯಲ್ಲಿ ಇರುವುದನ್ನು ಏನು ಮಾಡಲಿ ಎಂದು ಕೇಳಿದಾಗ, ನಾನು ಉತ್ತರ ಪತ್ರಿಕೆಗಳಿಂದ ತಲೆಯೆತ್ತದೆ, "ಸುಟ್ಟುಬಿಡು" ಎಂದೆ. ಏನೇನು ಇತ್ತೆಂದು ಆ ಸಂಜೆ ದೋಣಿಗಾಗಿ ಕಾಯುತ್ತಿದ್ದಾಗ ನೆನಪಾಯಿತು. ಆಗ ಮಾಡುವುದೇನೂ ಉಳಿದಿರಲಿಲ್ಲ.

2020ರಲ್ಲಿ ನಾನು ನಿವೃತ್ತನಾಗುವಾಗ, ಹಳೆಯ ಭೂಪಟಗಳನ್ನು ಲೆಕ್ಕ ಮಾಡಿ ಒಪ್ಪಿಸಬೇಕಿತ್ತು. ಭಾರತದ ಪ್ರಾಕೃತಿಕ ಭೂಪಟವನ್ನು ಬಿಡಿಸಿದಾಗ ಅದರ ಸುರುಳಿಯೊಳಗಿನಿಂದ ಒಂದು ಕುದುರೆ ನೆಲಕ್ಕೆ ಬಿತ್ತು. ಯಾರು, ಯಾವಾಗ ಅದನ್ನು ಅಲ್ಲಿ ಬಚ್ಚಿಟ್ಟಿದ್ದರೋ ಕಾಣೆ. ಒಂದು ಮುಂಗಾಲು ಮೊದಲೇ ಮುರಿದಿತ್ತು. ಚೀಟಿ ಉದುರಿಹೋಗಿ ನೂಲಿನ ಗಂಟು ಮಾತ್ರ ಹಿಂಗಾಲಿನಲ್ಲಿ ಉಳಿದಿತ್ತು. ಅದನ್ನು ಮನೆಗೆ ತಂದು ಪುಸ್ತಕದ ಕಪಾಟಿನಲ್ಲಿಟ್ಟೆ. ಪತ್ನಿ ಕೇಳಿದಾಗ "ಶಾಲೆಯದು" ಎಂದಷ್ಟೇ ಹೇಳಿದೆ. ಅವನ ಮನೆ ನನ್ನ ಮನೆಯಿಂದ ಕಾಲು ಗಂಟೆಯ ನಡಿಗೆ. ಮೂರು ವರ್ಷ ನಾನು ಆ ನಡಿಗೆಯನ್ನು ನಡೆಯಲಿಲ್ಲ.

ಮೊಮ್ಮಗಳ ಮಾರವಾಡಿ ಕುದುರೆಗೆ ಅಂದು ಮೂರನೆಯ ಸ್ಥಾನದ ಹಳದಿ ಪಟ್ಟಿ ದೊರೆಯಿತು. ಹಿಂದಿರುಗುವಾಗ ಕಾರಿನಲ್ಲಿ ಅವಳಿಗೆ ಈ ಕಥೆಯನ್ನು ಹೇಳಿದೆ. ಮಕ್ಕಳು ಕೇಳುವ ಪ್ರಶ್ನೆಗಳನ್ನು ತಪ್ಪಿಸಿಕೊಳ್ಳುವುದು ಕಷ್ಟ. "ಅವರಿಗೆ ಅದು ಇನ್ನೂ ಉಳಿದಿದೆಯೆಂದು ಗೊತ್ತಿದೆಯೇ?" ಎಂದು ಕೇಳಿದಳು. ಇಲ್ಲವೆಂದೆ. ಆಮೇಲೆ ಅವಳು ಮನೆ ಬರುವ ತನಕ ಮಾತನಾಡಲಿಲ್ಲ.

ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದ ಮರುವಾರ ಕುದುರೆಯನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ಹೋದೆ. ಅವನೀಗ ನಲವತ್ತನಾಲ್ಕು ವರ್ಷದ ಗೃಹಸ್ಥ. ಬೋಟಿನ ಕೆಲಸ ಬಿಟ್ಟು ಫೈಬರ್ ದೋಣಿಗಳನ್ನು ದುರಸ್ತಿ ಮಾಡುತ್ತಾನೆ. (ಈ ಲೇಖನವನ್ನು ಬರೆಯಲು ಒಪ್ಪಿಗೆ ಕೊಟ್ಟಿದ್ದಾನೆ, ಹೆಸರು ಬೇಡವೆಂದಿದ್ದಾನೆ. ಬಲ್ಲವರು ಬಲ್ಲಿರಿ, ಸುಮ್ಮನಿರಿ.) ಹೊಟ್ಟೆಯಡಿಯಾಗಿಸಿದ ದೋಣಿಯ ಪಕ್ಕದಲ್ಲಿ, ಕೈಯ ಅಂಟನ್ನು ಒರೆಸಿಕೊಳ್ಳುತ್ತ ಎದ್ದು ನಿಂತ. ನಾನು ಪೊಟ್ಟಣವನ್ನು ಬಿಡಿಸಿದೆ. ಅವನು ನೋಡಿದ, ಬಳಿಕ ನನ್ನನ್ನು ನೋಡಿ ತುಳುವಿನಲ್ಲಿ, "ಫಲಿತಾಂಶ ಬಂತಾ ಮಾಸ್ತರೇ?" ಎಂದ. ನಗುತ್ತಲೇ ಹೇಳಿದ. ನನಗೆ ನಗಲಾಗಲಿಲ್ಲ.

ಉಳಿದವು ಏನಾದವೆಂಬುದನ್ನು ಹೇಳಿದೆ. ಕ್ಷಮೆ ಕೇಳಿದೆ. "ಹನ್ನೊಂದು ಇದ್ದವಲ್ಲ, ಹತ್ತು ಸುಟ್ಟುಹೋದವು" ಎಂದೆ. "ಹನ್ನೊಂದಲ್ಲ, ಹದಿಮೂರು" ಎಂದು ತಿದ್ದಿದ. ಹದಿಮೂರರ ಹೆಸರನ್ನೂ ಒಂದೊಂದಾಗಿ ಹೇಳಿದ. ಇದಕ್ಕೆ ಯಾವುದೆಂದು ನೆನಪು ಮಾಡಿಕೊಳ್ಳಲು ಕುದುರೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಹಿಂಗಾಲಿನ ಗಂಟಿನ ಮೇಲೆ ಅವನ ಹೆಬ್ಬೆರಳು ನಿಂತಿತು. "ಇದು ನಾನು ಹಾಕಿದ ಗಂಟಲ್ಲ. ನನ್ನ ಗಂಟು ಜಾರುತ್ತದೆಂದು ಅಪ್ಪ ಹಾಕಿಕೊಟ್ಟದ್ದು" ಎಂದ. ಅವನ ತಂದೆ ತೀರಿಕೊಂಡು ಬಹಳ ವರ್ಷಗಳಾದವು. ಅಂದರೆ ಆ ತಂದೆಗೆ ಗೊತ್ತಿತ್ತು. ಮಗನ ಜೊತೆ ರಾತ್ರಿ ಕುಳಿತು ಚೀಟಿ ಕಟ್ಟಿದ್ದರು. ಮಗನ ಭವಿಷ್ಯದ ಚಿಂತೆ ತನಗೊಬ್ಬನಿಗೇ ಇದೆಯೆಂದು ತಿಳಿದವನು ನಾನು.

ಅವನು ಚಹಾ ತರಿಸಿದ. ಅಮೆರಿಕದ ಸ್ಪರ್ಧೆಯ ವಿಚಾರವನ್ನು ಒಂದೂ ಬಿಡದೆ ಕೇಳಿದ. ಯಾವುದಕ್ಕೆ ಎಷ್ಟು ಅಂಕ, ಕಾಲಿನ ಅಳತೆ ಹೇಗೆ ನೋಡುತ್ತಾರೆ, ಮರದ್ದನ್ನು ಸೇರಿಸಿಕೊಳ್ಳುತ್ತಾರೆಯೇ. ಮಾಡುವಾಗ ಅವನು ಜೀವಂತ ಕುದುರೆಯನ್ನು ಕಂಡಿರಲಿಲ್ಲವಂತೆ. ಬಂದರಿನ ಗೋಡೆಯ ಮೇಲೆ ಅಂಟಿಸಿದ್ದ ಸರ್ಕಸ್ಸಿನ ಭಿತ್ತಿಪತ್ರವೇ ಗುರು. ಪತ್ರದ ಕೆಳಭಾಗ ಹರಿದುಹೋಗಿದ್ದುದರಿಂದ ಗೊರಸು ಹೇಗಿರುತ್ತದೆಂದು ತಿಳಿಯದೆ ಆಡಿನದನ್ನು ನೋಡಿ ಕೆತ್ತಿದ್ದನಂತೆ. ನಾನು ತರಗತಿಯಲ್ಲಿ ಹಡಗಿನಿಂದ ಇಳಿಸಿದ ಅಷ್ಟೊಂದು ಕುದುರೆಗಳಲ್ಲಿ ಒಂದಕ್ಕಾದರೂ ಗೊರಸು ಬರೆದು ತೋರಿಸಲಿಲ್ಲವಲ್ಲ ಎನಿಸಿತು.

ಕುದುರೆ ಮಾಡುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಕುದುರೆಯನ್ನು ತೊಟ್ಟಿಲ ಮಗುವೂ ಬಲ್ಲದು. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವವರು ದಸರೆಯ ಮೆರವಣಿಗೆಯನ್ನೇ ಮೆಟ್ಟಿಲ ಮೇಲೆ ಹೂಡುತ್ತಾರೆ. ಪಟ್ಟದ ಆನೆಯ ಜೊತೆಗೆ ಪಟ್ಟದ ಕುದುರೆ ಇರಲೇಬೇಕು. ನಮ್ಮ ತುಳುನಾಡಿನ ದೈವಸ್ಥಾನಗಳಲ್ಲಿ ಮರದ ಕುದುರೆಗಳಿವೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನಲ್ಲಿ ಬಣ್ಣ ಬಳಿದ ಮರದ ಉರುಗಳ ದೊಡ್ಡ ಪರಿವಾರವನ್ನೇ ಕಾಣಬಹುದು. ಇದನ್ನೆಲ್ಲ ನಾನು ಬಿ.ಎಡ್. ಓದುವ ಕಾಲದಿಂದಲೂ ಬಲ್ಲೆ. ಸ್ಥಳೀಯ ಕಲೆಯನ್ನು ಪಾಠಕ್ಕೆ ಜೋಡಿಸಬೇಕೆಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆ.

ಆ ರಾತ್ರಿ ಮೊಮ್ಮಗಳೊಡನೆ ವೀಡಿಯೋ ಕರೆಯಲ್ಲಿ ಅವನನ್ನು ಮಾತನಾಡಿಸಿದೆ. ಅವಳ ತುಳು ಅಷ್ಟಕ್ಕಷ್ಟೇ, ಅವನ ಇಂಗ್ಲಿಷ್ ಇನ್ನೂ ಅಷ್ಟಕ್ಕಷ್ಟೇ. ಆದರೆ ಕುದುರೆಯನ್ನು ನಡುವೆ ಹಿಡಿದುಕೊಂಡರೆ ಇಬ್ಬರಿಗೂ ಭಾಷೆ ಬೇಕಾಗಲಿಲ್ಲ. ಹಿಂಗಾಲಿನ ಕೀಲು ತೀರ ಕೆಳಗೆ ಬಂದಿದೆಯೆಂದು ಅವಳು ನಿಷ್ಠುರವಾಗಿ ಹೇಳಿದಳು. ಮರದ ತುಂಡು ಅಷ್ಟೇ ಉದ್ದವಿತ್ತು, ಏನು ಮಾಡಲಿ ಎಂದು ಅವನು ಉತ್ತರಿಸಿದ. ಕತ್ತು ಮಾತ್ರ ಬಹಳ ಚೆನ್ನಾಗಿದೆ ಎಂದಳು. ಅವನು ಮುಖ ತಿರುಗಿಸಿಕೊಂಡ.

ಕುದುರೆಯನ್ನು ಅಷ್ಟು ದೂರ ಕಳುಹಿಸುವುದು ಅವನಿಗೂ ನನಗೂ ಬೇಡವಾಗಿತ್ತು. ಛಾಯಾಚಿತ್ರಗಳ ಸ್ಪರ್ಧೆ ಈಗಲೂ ನಡೆಯುತ್ತದೆ, ಚಿತ್ರ ಕಳುಹಿಸಿರಿ ಎಂದು ಅವಳೇ ದಾರಿ ತೋರಿಸಿದಳು. ಕ್ಯಾಮೆರಾ ಕುದುರೆಯ ಕಣ್ಣಿನ ಮಟ್ಟದಲ್ಲಿರಬೇಕು, ಮರಳಿನ ಕಣ ದೊಡ್ಡದಾಗಿ ಕಾಣಬಾರದು, ಬೆಳಕು ಪಕ್ಕದಿಂದ ಬರಬೇಕು ಎಂದೆಲ್ಲ ಅಪ್ಪಣೆ. ಒಂದು ಆದಿತ್ಯವಾರ ಬೆಳಿಗ್ಗೆ, ಅರುವತ್ತು ದಾಟಿದ ನಾನು ಕಡಲ ದಂಡೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ಮೊಬೈಲು ಹಿಡಿದದ್ದನ್ನು ಭಜನಾ ಮಂದಿರದ ಕಡೆಯಿಂದ ಬರುತ್ತಿದ್ದ ಹೆಂಗಸರು ನೋಡಿ ಗಾಬರಿಗೊಂಡು ಓಡಿಬಂದರು. ಮುರಿದ ಮುಂಗಾಲನ್ನು ಅವನು ದೋಣಿಯ ಅಂಟಿನಿಂದಲೇ ಸರಿಪಡಿಸಿದ್ದ. ಅರ್ಜಿಯಲ್ಲಿ ತಳಿ ಎಂಬ ಕಡೆ ಏನು ಬರೆಯಬೇಕೆಂದು ಮೊಮ್ಮಗಳು ಕೇಳಿದಳು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಬೆಂಗ್ರೆ" ಎಂದ. ಹಾಗೆಯೇ ಬರೆದಳು.

ಯಾವ ಸ್ಥಾನವೂ ಬರಲಿಲ್ಲ. ಕೀಲಿನ ತಪ್ಪನ್ನು ತೀರ್ಪುಗಾರರೂ ಎತ್ತಿ ತೋರಿಸಿದ್ದರು. ಫಲಿತಾಂಶವನ್ನು ನಾನೇ ಹೋಗಿ ತಿಳಿಸಿದೆ. ಅವನು ತಲೆಯಲ್ಲಾಡಿಸಿ, "ಆ ಹುಡುಗಿ ಮೊದಲೇ ಹೇಳಿದ್ದಳು" ಎಂದ. ಕಣ್ಣು ಆಗಲೇ ದೋಣಿಯ ಆಚೆ ಏನನ್ನೋ ಅಳೆಯುತ್ತಿತ್ತು. ಇನ್ನೊಂದನ್ನು ಮಾಡಬೇಕೆಂದಿದ್ದಾನೆ, ಈ ಸಲ ಕಾಲು ಸರಿಯಾಗಿ. ಪಣಂಬೂರಿನ ಕಡಲ ತೀರದಲ್ಲಿ ರಜಾದಿನಗಳಲ್ಲಿ ಮಕ್ಕಳನ್ನು ಕೂರಿಸಿ ತಿರುಗಿಸುವ ಕುದುರೆಯನ್ನು ನೋಡಲು ಎರಡು ಸಲ ಹೋಗಿಬಂದಿದ್ದಾನಂತೆ. ಆದರೆ ಆ ಹಗುರ ಮರ ಈಗ ಸಿಗುವುದಿಲ್ಲ, ಬಲೆಯ ತೇಲುಗಳೆಲ್ಲ ಪ್ಲಾಸ್ಟಿಕ್ಕಾಗಿವೆ. "ನಿಮ್ಮ ತಂದೆಯವರ ಕಾಲದ್ದು ಏನಾದರೂ ಉಳಿದಿದೆಯಾ ಮಾಸ್ತರೇ?" ಎಂದು ಕೇಳಿದ.

ಅಟ್ಟ ಹತ್ತಲು ಪತ್ನಿ ಬಿಡಲಿಲ್ಲ. ಪಕ್ಕದ ಮನೆಯ ಹುಡುಗನನ್ನು ಹತ್ತಿಸಿ, ಕೆಳಗಿನಿಂದ ಟಾರ್ಚು ಹಿಡಿದೆ. ಹರಿದ ಬಲೆಯ ಅಡಿಯಲ್ಲಿ ನಾಲ್ಕು ತುಂಡುಗಳು ಸಿಕ್ಕಿದವು. ಒಂದಕ್ಕೆ ಹುಳ ಹಿಡಿದಿತ್ತು. ಮೂರನ್ನು ಸಂಜೆ ಅವನಿಗೆ ಕೊಟ್ಟುಬಂದೆ.